ಓದಲಿಕ್ಕೆ ಬಂದ ಲೋಗೊ

ಹದಿನಾಲ್ಕು ಕರಿ ಟೀ ಶರ್ಟು, ಎದೆ ಮೇಲೆ ಬಿಳಿ ಪ್ರಿಂಟು, ಒಂದೇ ಕಲರ್. ನಮ್ಮ ಅಂಗಡಿಗೆ ಇದಕ್ಕಿಂತ ಸುಲಭದ ಆರ್ಡರ್ ಬರುವುದಿಲ್ಲ. ಜಾತ್ರೆ ಕಮಿಟಿ, ವಾಲಿಬಾಲ್ ಟೀಮು, ಯಕ್ಷಗಾನದ ಅಭಿಮಾನಿ ಬಳಗ, ಎಲ್ಲರದ್ದೂ ಇದೇ. ನಾನು ತಲೆ ಕೆಡಿಸಿಕೊಳ್ಳಲೇ ಇಲ್ಲ. ಕೆಟ್ಟಿದ್ದೇ ಅಲ್ಲಿ.

ಜೂನ್ ತಿಂಗಳು. ಶಿರಸಿಗೆ ಮಳೆ ಹಿಡಿದು ನಾಲ್ಕು ದಿನ ಆಗಿತ್ತು. ಸೋಮವಾರ ಮೂರು ಜನ ಬಂದರು. ಒಬ್ಬ ಉದ್ದ ಕೂದಲಿನವ, ಮನೆಯಲ್ಲಿ ಅಡಿಕೆ ತೋಟ. ಇನ್ನೊಬ್ಬ ಬೈಕ್ ಶೋರೂಮಿನವ. ಮೂರನೆಯವರು ಹೈಸ್ಕೂಲ್ ಮಾಸ್ತರು. ಇಸ್ತ್ರಿ ಮಾಡಿದ ಅಂಗಿ, ಜೇಬಲ್ಲಿ ಎರಡು ಪೆನ್ನು. ಹುಡುಗರನ್ನು ಹಿಡಿದು ತರಲು ಬಂದವರು ಅಂದುಕೊಂಡೆ. ಆಮೇಲೆ ನೋಡಿದರೆ ಇಡೀ ಗ್ಯಾಂಗಿಗೆ ಅವರೇ ಹಿರಿತಲೆ.

ಶನಿವಾರ ಬೆಂಗಳೂರಿನಲ್ಲಿ ಮೆಟಲ್ ಸಂಗೀತದ ಫೆಸ್ಟಿವಲ್. ಕೊನೆಗೆ ಇವರ ನಾರ್ವೆಯ ಬ್ಯಾಂಡು. ಶುಕ್ರವಾರ ರಾತ್ರಿ ಎಂಟೂವರೆಗೆ ಬಸ್ಸು. "ಹತ್ತು ವರ್ಷ ಆಯ್ತು ಅಣ್ಣಾ ಕಾಯ್ಲಿಕ್ಕೆ ಹಿಡಿದು. ಈ ಸಲ ಹೆಡ್‌ಲೈನರ್!" ಎಂದ ಉದ್ದ ಕೂದಲಿನವ. ಅವನ ಕಣ್ಣು ನೋಡಿದರೆ ಮಗಳ ಮದುವೆ ಕಾರ್ಡ್ ಮಾಡಿಸಲು ಬಂದ ಅಪ್ಪನ ಹಾಗಿತ್ತು.

ವಾಟ್ಸಾಪಿನಲ್ಲಿ ಲೋಗೊ ಕಳಿಸಿದ. ಒಣಗಿದ ಮುಳ್ಳುಕಂಟಿಯನ್ನು ಸ್ಕ್ಯಾನರ್ ಮೇಲೆ ಇಟ್ಟು ಮುಚ್ಚಳ ಒತ್ತಿದ ಹಾಗಿತ್ತು. ಎಡಕ್ಕೆ ಎಷ್ಟು ಕೊಂಬೆಯೋ ಬಲಕ್ಕೂ ಅಷ್ಟೇ, ಕೆಳಗೆ ಬೇರು ಇಳಿದಿದೆ. ಅಕ್ಷರ ಎಲ್ಲಿದೆ ಎಂದು ಕೇಳಲು ನಾಚಿಕೆ ಆಯಿತು. ಹದಿನಾರು ವರ್ಷದಿಂದ ಡಿಸೈನ್ ಕೆಲಸ ಮಾಡುವವ ನಾನು, ಅಲ್ವಾ?

ಕೋರೆಲ್‌ಗೆ ಹಾಕಿ, ಚಿತ್ರವನ್ನು ಗೆರೆಯಾಗಿ ಬದಲಿಸುವ ಟ್ರೇಸ್ ಕೊಟ್ಟೆ. ಗೆರೆ ತಿರುಗುವ ಬಿಂದು, ಅಂದರೆ ನೋಡ್, ನಾಲ್ಕು ಸಾವಿರ ಚಿಲ್ಲರೆ ಬಂತು, ಸಿಸ್ಟಮ್ ಅಲ್ಲೇ ನಿಂತಿತು. ಫ್ಲೆಕ್ಸ್ ಮಶೀನಿಗೆ ಲಕ್ಷಗಟ್ಟಲೆ ಸುರಿಯುವ ನಮ್ಮ ಮಾಲೀಕರು ರ್‍ಯಾಮ್ ಹಾಕಿಸಿ ಎಂದರೆ "ನೋಡುವ" ಅನ್ನುತ್ತಾರೆ. ಅವರ "ನೋಡುವ"ಕ್ಕೆ ಮೂರು ವರ್ಷ ಆಯಿತು.

ಇನ್ನು ನಾನು ಮಾಡಿದ್ದು. ವಾಟ್ಸಾಪಿನಲ್ಲಿ ಬಂದ ಜೆಪೆಗ್ ಟ್ರೇಸ್ ಮಾಡಿದರೆ ಅಂಚಿಗೆ ಕಸ ಬಂದೇ ಬರುತ್ತದೆ. ಸಣ್ಣ ಸಣ್ಣ ಕಡ್ಡಿ, ಚುಕ್ಕಿ. ದಿನಾ ತೆಗೆಯುತ್ತೇನೆ, ಕೈಗೆ ಅದೇ ಅಭ್ಯಾಸ. ಇಲ್ಲೂ ಶೇಪ್ ಟೂಲ್ ಹಿಡಿದು ಒಂದೊಂದೇ ಮುಳ್ಳು ಸವರುತ್ತ ಹೋದೆ. ಸ್ಮೂತ್, ಡಿಲೀಟ್, ಸ್ಮೂತ್, ಡಿಲೀಟ್. ಬೇರು ಜಾಸ್ತಿ ಉದ್ದ ಅನ್ನಿಸಿತು, ಕತ್ತರಿಸಿದೆ. ಒಂದೂವರೆ ತಾಸು ಕೂತೆ. ಕೊನೆಗೆ ಒಳಗಿನಿಂದ ಅಕ್ಷರ ಮೇಲೆ ಬಂದವು. ಚೊಕ್ಕವಾಗಿ ಏಳು ಅಕ್ಷರ! ಅಡಿಕೆ ಸುಲಿದ ಹಾಗೆ ಸುಲಿದೆ ಎಂದು ಖುಷಿಯಾಯಿತು. ಸಪೂರ ಗೆರೆ ಎಲ್ಲ ಹೋಗಿದ್ದರಿಂದ ದೊಡ್ಡ ಕಣ್ಣಿನ ಜಾಲರಿಯಾದ 80ರ ಮೆಶ್‌ನಲ್ಲೇ ಎಳೆಯಬಹುದಿತ್ತು, ಸಣ್ಣ ಕಣ್ಣಿನ 120ರ ಸ್ಕ್ರೀನ್ ತೊಳೆಯುವ ಕೆಲಸವೂ ಉಳಿಯಿತು. ಸತ್ಯ ಹೇಳಬೇಕೆಂದರೆ ಸವರುವಾಗ ಅದೂ ತಲೆಯಲ್ಲಿತ್ತು.

ಪ್ರೂಫ್ ಕಳಿಸಲಿಲ್ಲ. ಪ್ರೂಫಿಗೆ ಓಕೆ ಬರದೆ ಸ್ಕ್ರೀನ್ ಮಾಡಬಾರದು ಎಂದು ಗೋಡೆ ಮೇಲೆ ಬೋರ್ಡ್ ಇದೆ. ಆ ಬೋರ್ಡ್ ಡಿಸೈನ್ ಮಾಡಿದ್ದೂ ನಾನೇ.

ಶುಕ್ರವಾರ ನಾಲ್ಕೂ ಹತ್ತಕ್ಕೆ ಬಂದರು, ಈ ಸಲ ಆರು ಜನ. ಕಟ್ಟು ಬಿಚ್ಚಿದರು. ಯಾರೂ ಮಾತಾಡಲಿಲ್ಲ. ಬಾಯಿ ಕಟ್ಟಿತೇನೋ ಅಂದುಕೊಂಡು ನಾನು ನಗುತ್ತ ನಿಂತಿದ್ದೆ. ಶೋರೂಮಿನವ ಒಂದು ಶರ್ಟನ್ನು ಬೆಳಕಿಗೆ ಹಿಡಿದ. ಉದ್ದ ಕೂದಲಿನವ ಎದೆ ಮೇಲೆ ಬೆರಳಿಟ್ಟು ಒಂದೊಂದೇ ಅಕ್ಷರ ಕೂಡಿಸಿದ. ಕೂಡಿಸಿದವನ ಮುಖ ಸಣ್ಣಗಾಯಿತು.

"ಅಣ್ಣಾ, ಇದು ಓದ್ಲಿಕ್ಕೆ ಬರ್ತದಲ್ಲಾ!"

"ಹೌದು ಮತ್ತೆ, ಕ್ಲೀನ್ ಮಾಡಿದ್ದೇನೆ" ಎಂದೆ. ಈಗಲೂ ಸ್ನಾನ ಮಾಡುವಾಗ ಆ ಮಾತು ನೆನಪಾದರೆ ತಂಬಿಗೆ ಕೈಯಲ್ಲೇ ನಿಲ್ಲುತ್ತದೆ.

ಮಾಸ್ತರು ಸಿಟ್ಟಾಗಲಿಲ್ಲ, ಪಾಠ ಮಾಡಿದರು. 1990ರ ದಶಕದ ಶುರುವಿನಲ್ಲಿ ನಾರ್ವೆಯ ಹುಡುಗರು ಈ ತರಹದ ಲೋಗೊ ಹಿಡಿದುಕೊಂಡು ಬಂದರಂತೆ. ಬೆಲ್ಜಿಯಂನ ಕ್ರಿಸ್ಟೋಫ್ ಶ್ಪೈಡೆಲ್ ಎನ್ನುವವರು ನಾರ್ವೆಯ ಎಂಪರರ್ ಬ್ಯಾಂಡಿನದ್ದೂ ಸೇರಿ ಸಾವಿರಗಟ್ಟಲೆ ಲೋಗೊ ಬರೆದಿದ್ದಾರಂತೆ. ಕಾಡಿನ ಕೊಂಬೆ, ಬೇರು ನೋಡಿ, ಕೈಯಲ್ಲೇ. "ಓದ್ಲಿಕ್ಕೆ ಅಂತ ಬರೆಯೋದಲ್ಲ ಇದು. ಗೊತ್ತಿದ್ದವನಿಗೆ ದೂರದಿಂದ ಗುರುತು ಸಿಗಬೇಕು. ಗೊತ್ತಿಲ್ಲದವನಿಗೆ ಸಿಗಬಾರದು."

ನಮ್ಮಲ್ಲಿ ಪ್ರಿಂಟ್ ಎಳೆಯುವವರನ್ನು ಎಲ್ಲರೂ ಸ್ಕ್ವೀಜಿ ಅಣ್ಣ ಅನ್ನುತ್ತೇವೆ. ವಯಸ್ಸು ಅರವತ್ತರ ಹತ್ತಿರ, ಯಕ್ಷಗಾನ ಆಟದ ಹುಚ್ಚು. ಮೂಲ ಲೋಗೊವನ್ನು ಮೊಬೈಲಿನಲ್ಲಿ ನೋಡಿ ಹೇಳಿದರು: "ಬಣ್ಣದ ವೇಷದ ಮುಖಕ್ಕೆ ಅಕ್ಕಿಹಿಟ್ಟಲ್ಲಿ ಇಡುವ ಚಿಟ್ಟಿ ಇದು ಮಾರಾಯ. ನೀನು ರಾಕ್ಷಸನ ಮುಖದಿಂದ ಚಿಟ್ಟಿ ಕೆರೆದು ತೆಗೆದು ರಂಗಕ್ಕೆ ಬಿಟ್ಟಿದ್ದೀಯ." ಮಾಸ್ತರು ಐದು ನಿಮಿಷ ಹೇಳಿದ್ದಕ್ಕಿಂತ ಇದು ನನಗೆ ಸರಿಯಾಗಿ ನಾಟಿತು.

"ದೊಡ್ಡ ಫೈಲ್ ಇದೆಯಾ?" ಎಂದು ಕೇಳಿದೆ. ಇತ್ತು. ಪಿಡಿಎಫ್, ಮೇಲ್‌ನಲ್ಲಿ, ಸೋಮವಾರದಿಂದಲೂ. "ನೀವು ಕೇಳ್ಲಿಲ್ಲ" ಎಂದ ಉದ್ದ ಕೂದಲಿನವ.

ಗಂಟೆ ನಾಲ್ಕೂ ಇಪ್ಪತ್ತೈದು. ಅಂಗಡಿಯಲ್ಲಿ ಪ್ಲೇನ್ ಕರಿ ಶರ್ಟು ಒಂಬತ್ತೇ ಇದ್ದವು. ಶೋರೂಮಿನವ ಮಳೆಯಲ್ಲೇ ಬಿಡ್ಕಿಬೈಲ್ ಕಡೆ ಓಡಿ ಮೂರು ತಂದ, ಅದರಲ್ಲಿ ಎರಡಕ್ಕೆ ಜೇಬು. ಇನ್ನೆರಡಕ್ಕೆ ಹಾಳಾದ ಶರ್ಟನ್ನೇ ಒಳಗೆ ಹೊರಗೆ ಮಾಡಿ ಹೊಡೆಯುವುದು ಎಂದಾಯಿತು. "ಹೊಲಿಗೆ ಕಂಡ್ರೆ?" ಎಂದೆ. "ಅಡ್ಡಿಲ್ಲೆ, ಮೆಟಲ್ಲು" ಎಂದ ಉದ್ದ ಕೂದಲಿನವ.

120ರ ಸ್ಕ್ರೀನಿಗೆ, ಬೆಳಕು ಬಿದ್ದರೆ ಗಟ್ಟಿಯಾಗುವ ಎಮಲ್ಷನ್ ಹಚ್ಚಿದೆವು. ಜೂನ್ ತಿಂಗಳಲ್ಲಿ ಶಿರಸಿಯಲ್ಲಿ ಕೈ ತೊಳೆದರೆ ಕೈಯೇ ಒಣಗುವುದಿಲ್ಲ, ಎಮಲ್ಷನ್ ಎಲ್ಲಿಂದ ಒಣಗಬೇಕು? ಪಕ್ಕದ ಬ್ಯೂಟಿ ಪಾರ್ಲರ್ ಅಕ್ಕನ ಹೇರ್ ಡ್ರೈಯರ್ ತಂದು ಕತ್ತಲೆ ಕೋಣೆಯಲ್ಲಿ ಹಿಡಿದುಕೊಂಡು ನಿಂತೆ. ಹತ್ತಿರ ಹಿಡಿದರೆ ಗುಳ್ಳೆ ಏಳುತ್ತದೆ, ದೂರ ಹಿಡಿದರೆ ಹೊತ್ತು ಹೋಗುತ್ತದೆ. ಮೂವತ್ತೈದು ನಿಮಿಷ. ಪ್ಲೈವುಡ್ ಗೋಡೆಯಾಚೆ ಅವರ ಮಾತು ಕೇಳುತ್ತಿತ್ತು. ಮೊದಲ ಹಾಡು ಯಾವುದಿರಬಹುದು ಎಂದು ಜಗಳ. ಮಧ್ಯಾಹ್ನದ ಬ್ಯಾಂಡುಗಳನ್ನು ಬಿಟ್ಟು ಬ್ಯಾರಿಕೇಡ್ ಹಿಡಿಯಬೇಕೋ, ಎಲ್ಲ ನೋಡಿ ಹಿಂದೆ ನಿಲ್ಲಬೇಕೋ ಎಂದು ಇನ್ನೊಂದು ಜಗಳ. ಮಾಸ್ತರು 2007ರ ಮಾರ್ಚ್ 17ಕ್ಕೆ ಅರಮನೆ ಮೈದಾನದಲ್ಲಿ ಐರನ್ ಮೇಡನ್ ಬ್ಯಾಂಡ್ ನೋಡಿದವರು. 2011ರ ಅಕ್ಟೋಬರ್ 30ಕ್ಕೆ ಅಲ್ಲೇ ಮೆಟಾಲಿಕಾ. ಅದಕ್ಕೆ ಎರಡು ದಿನ ಮೊದಲು ಗುರುಗ್ರಾಮದ ಶೋ ರದ್ದಾಗಿತ್ತಂತೆ. "ಸ್ಟೇಜಿಗೆ ಬರೋವರೆಗೂ ನಂಬಬಾರ್ದು" ಎಂದು ಹುಡುಗರಿಗೆ ಹೇಳುತ್ತಿದ್ದರು. ಸ್ಕ್ರೀನ್ ಹಿಡಿದು ನಿಂತ ನನಗೂ ಅದು ಅನ್ವಯಿಸುತ್ತಿತ್ತು.

"ಹೆಡ್‌ಲೈನರ್ ಅಂದ್ರೆ ಮಧ್ಯರಾತ್ರಿಗೇ ಅಲ್ವಾ?" ಎಂದು ಸ್ಕ್ವೀಜಿ ಅಣ್ಣ ಕೇಳಿದರು. ಬೆಳಗಿನವರೆಗೆ ನಡೆಯುವ ಹಳೇ ಬಯಲಾಟದ ಲೆಕ್ಕ. ಅಲ್ಲವಂತೆ. ಹತ್ತಕ್ಕೆ ಮೈಕ್ ಬಂದ್, ಎಂಟೂವರೆ ಒಳಗೆ ಶುರುವಾಗಲೇಬೇಕು. "ಅಲ್ಲೂ ಕಾಲಮಿತಿಯಾ!" ಎಂದು ಅಣ್ಣನಿಗೆ ನಿಜವಾಗಿ ಬೇಜಾರಾಯಿತು.

ಆರಕ್ಕೆ ಮೊದಲ ಪ್ರಿಂಟ್ ಎಳೆದೆವು. ರಬ್ಬರ್ ವೈಟ್, ಎರಡು ಸ್ಟ್ರೋಕ್. ಸ್ಕ್ರೀನ್ ಎತ್ತಿದಾಗ ಆರೂ ಜನ ಬಗ್ಗಿದರು. ಮುಳ್ಳಿನ ತುದಿ ತುದಿಯೂ ಬಂದಿತ್ತು. ಏಳನೆಯದು ಮುಗಿಯುವಾಗ ಕರೆಂಟು ಹೋಯಿತು.

ಇನ್ವರ್ಟರ್ ಇದೆ. ಮಾಲೀಕರ ಕ್ಯಾಬಿನ್ನಿಗೆ. ಅವರ ಫ್ಯಾನು ತಿರುಗುತ್ತಿತ್ತು.

ಪ್ರಿಂಟ್ ಎಳೆಯಲು ಕರೆಂಟು ಬೇಡ, ಮೊಬೈಲ್ ಟಾರ್ಚ್ ಸಾಕು. ಹೀಟ್ ಗನ್ ಇಲ್ಲದೆ ಪ್ರಿಂಟ್ ಕಾಯಿಸಿ ಗಟ್ಟಿ ಮಾಡುವುದು, ಅಂದರೆ ಕ್ಯೂರ್ ಮಾಡುವುದು ಹೇಗೆ? ಹಸಿ ಶರ್ಟು ಮಡಚಿದರೆ ಹದಿನಾಲ್ಕೂ ಅಂಟಿ ಒಂದೇ ಶರ್ಟಾಗುತ್ತದೆ. ಏಳೂ ಹತ್ತಾಯಿತು, ಏಳೂ ಇಪ್ಪತ್ತಾಯಿತು. ನಾನು ಎರಡೆರಡು ಸಲ ಮೇನ್ ಸ್ವಿಚ್ ಹಾಕಿ ತೆಗೆದೆ, ಅದರಿಂದ ಏನಾದರೂ ಆಗುತ್ತದೆ ಅನ್ನುವ ಹಾಗೆ. ಸ್ಕ್ವೀಜಿ ಅಣ್ಣ ಸುಮ್ನೆ ಕೊಡೆ ತೆಗೆದುಕೊಂಡು ಹೊರಟರು. ಬಂದಾಗ ಹಿಂದಿನ ಬೀದಿಯ ಇಸ್ತ್ರಿ ಅಂಗಡಿಯವರು ಜೊತೆಗಿದ್ದರು, ಕೈಯಲ್ಲಿ ಕೆಂಡ ತುಂಬಿದ ಇದ್ದಿಲ ಪೆಟ್ಟಿಗೆ.

ಹುಡುಗರು ರಟ್ಟು ಬೀಸಿ ಹಸಿ ಆರಿಸಿದರು. ಬಟರ್ ಪೇಪರ್ ಹಾಸಿ, ಒಂದೊಂದು ಶರ್ಟಿಗೆ ನಿಧಾನ ನಾಲ್ಕು ಸಲ ಒತ್ತಿದರು ಇಸ್ತ್ರಿಯವರು. "ಎಂತ ಇದು, ಬೇರಾ?" ಎಂದು ಕೇಳಿದರು. ಬೇರೇ, ಎಂದೆ. ಎಂಟೂ ಹದಿಮೂರಕ್ಕೆ ಹದಿನಾಲ್ಕನೆಯದು ಮುಗಿಯಿತು. ಮಾಸ್ತರು ಪೆನ್ನಿದ್ದ ಅಂಗಿಯನ್ನು ಅಲ್ಲೇ ಬಿಚ್ಚಿ, ಬಿಸಿ ಶರ್ಟು ತೊಟ್ಟು ಬಸ್ ಸ್ಟ್ಯಾಂಡಿಗೆ ಓಡಿದರು. ಆ ಅಂಗಿಯನ್ನು ಸೋಮವಾರ ಬಂದು ಒಯ್ದರು. ಗಂಟಲು ಪೂರ್ತಿ ಕೂತಿತ್ತು, ಕೈಸನ್ನೆಯಲ್ಲೇ ದುಡ್ಡು ಎಣಿಸಿ ಕೊಟ್ಟರು.

ಉಳಿದ ಹನ್ನೆರಡು ಶರ್ಟಿನ ದುಡ್ಡನ್ನು ಮಾಲೀಕರು ನನ್ನ ಸಂಬಳದಲ್ಲಿ ಹಿಡಿದರು. ಅದು ಸರಿಯೇ, ಆದರೆ ಇನ್ವರ್ಟರಿಗೆ ಇನ್ನೊಂದು ಲೈನ್ ಎಳೆಸಿ ಎಂದರೆ ಅದಕ್ಕೂ "ನೋಡುವ". ಈಗ ಎಂಥದೇ ಫೈಲ್ ಬರಲಿ, ಟ್ರೇಸ್ ಮಾಡಿದ್ದನ್ನೂ ಮೂಲವನ್ನೂ ಅಕ್ಕಪಕ್ಕ ಇಟ್ಟು ಪ್ರೂಫ್ ಕಳಿಸುತ್ತೇನೆ. ಗಿರಾಕಿಗಳಿಗೆ ಕಿರಿಕಿರಿ ಆಗುತ್ತದೆ, ಆಗಲಿ.

ಹನ್ನೆರಡು ಶರ್ಟುಗಳನ್ನು ಸಿಕ್ಕಿದವರಿಗೆ ಹಂಚಿದೆ. ನವೆಂಬರಿನಲ್ಲಿ ಉದ್ದ ಕೂದಲಿನವನಿಂದ ಒಂದು ಫೋಟೊ ಬಂತು. ಅವರ ತೋಟದಲ್ಲಿ ಕೊನೆಕೊಯ್ಲು. ಅಡಿಕೆ ಮರದ ನೆತ್ತಿಯಲ್ಲಿ ಕೊನೆಗೌಡ, ಮೈಮೇಲೆ ನನ್ನ ಕರಿ ಶರ್ಟು. ಕೆಳಗಿನಿಂದ ಹೊಡೆದ ಫೋಟೊದಲ್ಲೂ ಏಳು ಅಕ್ಷರ ಸ್ಪಷ್ಟವಾಗಿ ಓದಲಿಕ್ಕೆ ಬರುತ್ತಿತ್ತು.