ಅರಿಶಿನದ ಕಲೆಗೆ ಸೋಪ್ ಹಾಕಿದ್ರೆ ಕೆಂಪಾಗೋದ್ಯಾಕೆ?

ಬಿಳಿ ಶರ್ಟ್ ಮೇಲೆ ಸಾಂಬಾರ್ ಚೆಲ್ತು, ಸೋಪ್ ಉಜ್ಜಿದ್ ತಕ್ಷಣ ಹಳದಿ ಹೋಗಿ ಕಡುಗೆಂಪಾಯ್ತು, ಬಟ್ಟೆ ಹಾಳಾಯ್ತಾ ಅಂತ ಯಾರಾದ್ರೂ ಕೇಳ್ತಾನೇ ಇರ್ತಾರೆ. ಹಾಳಾಗಿಲ್ಲ ಮಾರಾಯ್ರೆ, ಗಾಬರಿ ಬೇಡ.

ಅರಿಶಿನಕ್ಕೆ ಬಣ್ಣ ಕೊಡೋದು ಕರ್ಕ್ಯುಮಿನ್. ಹುಳಿ ಇದ್ದಲ್ಲಿ, ಸಾದಾ ನೀರಲ್ಲಿ ಅದು ಹಳದಿಯಾಗೇ ಇರತ್ತೆ, ಪಿಎಚ್ (ಹುಳಿನೋ ಕ್ಷಾರನೋ ಅಂತ ಹೇಳೋ ಅಳತೆ, 7ರ ಮೇಲೆ ಹೋದ್ರೆ ಕ್ಷಾರ) 8ರ ಆಸುಪಾಸು ದಾಟ್ತಿದ್ದಂಗೆ ಅದರ ಅಣು ಪ್ರೋಟಾನ್ ಬಿಟ್ಟುಕೊಟ್ಟು ಕೆಂಪಿಗೆ ತಿರುಗತ್ತೆ, ಬಟ್ಟೆ ಸೋಪು ಕ್ಷಾರ ಅಲ್ವಾ, ಅದಕ್ಕೇ ಈ ರಂಪ. ಆ ಕೆಂಪು ಕಲೆ ಮೇಲೆ ನಿಂಬೆರಸ ಹಿಂಡಿ ನೋಡಿ, ಕಣ್ಣೆದುರೇ ವಾಪಸ್ ಹಳದಿ! ಆರತಿ ತಟ್ಟೇಲಿ ಅರಿಶಿನದ ನೀರಿಗೆ ಚಿಟಿಕೆ ಸುಣ್ಣ ಕದಡಿದ್ರೆ ಕೆಂಪಗಾಗತ್ತಲ್ಲ, ಅದೂ ಇದೇ ಕೆಮಿಸ್ಟ್ರಿ. ಮಕ್ಕಳಿಗೆ ಲಿಟ್ಮಸ್ ಪೇಪರ್ ಬದಲು ಇದನ್ನೇ ತೋರಿಸಿದ್ರೆ ಜಾಸ್ತಿ ನೆನಪಿರತ್ತೆ ಅನ್ನೋದು ನನ್ನ ವಾದ.

ಸರಿ, ಕಲೆ ತೆಗೆಯೋದು ಹೆಂಗೆ? ಕರ್ಕ್ಯುಮಿನ್ ನೀರಲ್ಲಿ ಕರಗೋದೇ ಇಲ್ಲ ಅನ್ನಬಹುದು, ಎಣ್ಣೆ, ಸ್ಪಿರಿಟ್‌ನಲ್ಲಿ ಕರಗತ್ತೆ, ಹಾಗಾಗಿ ಬರೀ ನೀರಲ್ಲಿ ಎಷ್ಟು ತಿಕ್ಕಿದ್ರೂ ಕೈ ನೋವೇ ಲಾಭ. ಡಿಟರ್ಜೆಂಟಲ್ಲಿ ಜಿಡ್ಡು ತೆಗೆದು, ಉಳಿದಿದ್ದನ್ನ ಬಿಸಿಲಿಗೆ ಬಿಟ್ಬಿಡಿ. ಬೆಳಕು ಬಿದ್ರೆ ಆ ಅಣು ಒಡೆದು ಬಣ್ಣ ತಾನಾಗೇ ಮಾಯ, ಕಲೆ ಇರೋ ಕಡೆ ಮೇಲಕ್ಕೆ ಮಾಡಿ ಒಣಗಿಹಾಕಿ ಅಷ್ಟೇ.

ಒಂದು ಮಾತ್ರ ಬೇಡ: ನಿಂಬೆರಸನೋ ವಿನೆಗರ್ರೋ ಹಾಕಿರೋ ಬಟ್ಟೆಗೆ ಬ್ಲೀಚ್ ಸುರೀಬೇಡಿ, ಕ್ಲೋರಿನ್ ಗ್ಯಾಸ್ ಬರತ್ತೆ, ಬಾಗಿಲು ಮುಚ್ಚಿದ ಬಾತ್‌ರೂಮಲ್ಲಂತೂ ಬೇಡ್ವೇ ಬೇಡ.