ಎರಡನ್ನೂ ಬರೆದವರು ಒಬ್ಬರೇ ಹೇಗೆ?

ಇಂಗ್ಲಿಷ್ ನಾಟಕಕಾರ, ಕಾದಂಬರಿಕಾರ ಮೈಕಲ್ ಫ್ರೇನ್ ಅವರ ಹೆಸರೆತ್ತಿದಾಗಲೆಲ್ಲ ಗೆಳೆಯರೂ ರಂಗಾಸಕ್ತ ವಿದ್ಯಾರ್ಥಿಗಳೂ ನನ್ನನ್ನು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ. ಬಾಗಿಲುಗಳು ದಢಾರನೆ ಬಡಿದುಕೊಳ್ಳುವ, ಮೀನಿನ ತಟ್ಟೆಗಳು ಇಟ್ಟ ಜಾಗದಲ್ಲಿ ಸಿಗದೆ ನಟರು ತಬ್ಬಿಬ್ಬಾಗುವ ‘ನಾಯ್ಸಸ್ ಆಫ್’ ಎಂಬ ಪ್ರಹಸನವನ್ನೂ, ಇಬ್ಬರು ಭೌತವಿಜ್ಞಾನಿಗಳು ಅಣುಬಾಂಬಿನ ನೆರಳಿನಲ್ಲಿ ವಾದಕ್ಕಿಳಿಯುವ ‘ಕೋಪನ್‌ಹೇಗನ್’ ನಾಟಕವನ್ನೂ ಬರೆದವರು ಒಬ್ಬರೇ ಹೌದೇ? ಹೌದಾದರೆ ಇವೆರಡರಲ್ಲಿ ಅವರ ನಿಜವಾದ ದನಿ ಯಾವುದು?

ಬರೆದವರು ಒಬ್ಬರೇ, ದನಿಯೂ ಒಂದೇ ಎಂಬುದು ನನ್ನ ಉತ್ತರ.

ಪ್ರಶ್ನೆ ಹುಟ್ಟುವುದು ಸಹಜವೇ. 1933ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ಫ್ರೇನ್ ಕಡ್ಡಾಯ ಸೇನಾಸೇವೆಯ ಅವಧಿಯಲ್ಲಿ ರಷ್ಯನ್ ಭಾಷೆ ಕಲಿತರು, ಕೇಂಬ್ರಿಜ್‌ನಲ್ಲಿ ತತ್ತ್ವಶಾಸ್ತ್ರ ಓದಿದರು, ‘ಗಾರ್ಡಿಯನ್’ ಮತ್ತು ‘ಅಬ್ಸರ್ವರ್’ ಪತ್ರಿಕೆಗಳಿಗೆ ಹಾಸ್ಯ ಅಂಕಣಗಳನ್ನು ಬರೆದರು. 1965ರಿಂದ ಕಾದಂಬರಿಗಳು ಬಂದವು, ಆಮೇಲೆ ನಾಟಕಗಳು. ಚೆಕಾವ್‌ನ ನಾಟಕಗಳನ್ನು ರಷ್ಯನ್ನಿನಿಂದ ನೇರವಾಗಿ ಇಂಗ್ಲಿಷಿಗೆ ತಂದರು. ತತ್ತ್ವಶಾಸ್ತ್ರದ ದಪ್ಪ ಗ್ರಂಥವೊಂದನ್ನು ಬರೆದರು. ತಂದೆಯ ಬದುಕನ್ನು ಕುರಿತು ಮನ ಕಲಕುವ ಸ್ಮೃತಿಕಥನವನ್ನೂ ಬರೆದರು. ಶಿವರಾಮ ಕಾರಂತರನ್ನು ಓದಿ ಬೆಳೆದ ನಮಗೆ ಒಬ್ಬ ಲೇಖಕ ಹತ್ತು ಕ್ಷೇತ್ರಗಳಲ್ಲಿ ಕೈಯಾಡಿಸುವುದು ಹೊಸದೇನಲ್ಲ. ಆದರೆ ಇಲ್ಲಿ ಓದುಗರನ್ನು ಗಲಿಬಿಲಿಗೊಳಿಸುವುದು ಪ್ರಕಾರಗಳ ಸಂಖ್ಯೆಯಲ್ಲ, ಒಂದು ಕೃತಿಯ ನಗುವಿಗೂ ಇನ್ನೊಂದರ ಗಾಂಭೀರ್ಯಕ್ಕೂ ನಡುವೆ ಕಾಣುವ ದೂರ.

ಆ ದೂರ ನಿಜವಾಗಿ ಎಷ್ಟಿದೆ ಎಂಬುದನ್ನು ತಿಳಿಯಬೇಕಾದರೆ ಎರಡೂ ನಾಟಕಗಳ ಕಟ್ಟಡವನ್ನು ಅಕ್ಕಪಕ್ಕ ಇಟ್ಟು ನೋಡಬೇಕು. 1970ರಲ್ಲಿ ಫ್ರೇನ್ ತಮ್ಮದೇ ಕಿರುನಾಟಕಗಳ ಪ್ರದರ್ಶನವೊಂದನ್ನು ಒಂದು ದಿನ ಸೈಡ್‌ವಿಂಗಿನಲ್ಲಿ ನಿಂತು ನೋಡಿದರು. ವೇಷ ಬದಲಿಸಿಕೊಂಡು ಒಂದು ಬಾಗಿಲಿನಿಂದ ಇನ್ನೊಂದು ಬಾಗಿಲಿಗೆ ಓಡುವ ನಟರ ಪಾಡು ಎದುರಿನಿಂದ ಕಾಣುವ ನಾಟಕಕ್ಕಿಂತ ಹೆಚ್ಚು ನಗು ತರಿಸುವಂತಿದೆ ಎಂದು ಅವರಿಗೆ ಆಗ ಅನಿಸಿತು. ಯಕ್ಷಗಾನದ ಚೌಕಿಯಲ್ಲಿ ಕುಳಿತು, ರಂಗದ ಮೇಲೆ ಈಗಷ್ಟೇ ಅಬ್ಬರಿಸಿ ಬಂದ ರಾಕ್ಷಸ ಏದುಸಿರು ಬಿಡುತ್ತ ನೀರು ಕೇಳುವುದನ್ನು ನೋಡಿದವರಿಗೆ ಈ ಅನುಭವವನ್ನು ವಿವರಿಸಿ ಹೇಳಬೇಕಾಗಿಲ್ಲ. ಆ ಒಂದು ಸಂಜೆಯ ನೋಟ 1982ರಲ್ಲಿ ‘ನಾಯ್ಸಸ್ ಆಫ್’ ಆಗಿ ರಂಗಕ್ಕೆ ಬಂತು. ಅದರಲ್ಲಿ ಒಂದು ಸಾಧಾರಣ ತಂಡ ಒಂದು ಸಾಧಾರಣ ಪ್ರಹಸನವನ್ನು ಊರೂರಿಗೆ ಒಯ್ಯುತ್ತದೆ. ನಾವು ನೋಡುವುದು ಆ ಪ್ರಹಸನದ ಮೊದಲ ಅಂಕವನ್ನು ಮಾತ್ರ, ಆದರೆ ಮೂರು ಬಾರಿ: ಮೊದಲು ಕೊನೆಯ ತಾಲೀಮಿನಲ್ಲಿ, ಆಮೇಲೆ ರಂಗಸಜ್ಜಿಕೆಯ ಹಿಂಬದಿಯಿಂದ, ಕೊನೆಗೆ ತಿಂಗಳುಗಟ್ಟಲೆ ತಿರುಗಾಟದಲ್ಲಿ ಒಬ್ಬರಿಗೊಬ್ಬರು ಬೇಸತ್ತ ನಟರ ಕೈಯಲ್ಲಿ ಅದು ಚಿಂದಿಯಾಗುವಾಗ ಮತ್ತೆ ಎದುರಿನಿಂದ. ಎರಡನೆಯ ಅಂಕದಲ್ಲಿ ಆಚೆ ಬದಿ ಪ್ರದರ್ಶನ ನಡೆಯುತ್ತಿರುವುದರಿಂದ ಈಚೆ ಬದಿಯ ಜಗಳ, ಅಸೂಯೆ, ಅಳು ಎಲ್ಲವೂ ಹೆಚ್ಚುಕಡಿಮೆ ಮೂಕಾಭಿನಯದಲ್ಲೇ ನಡೆಯಬೇಕು. ನನ್ನ ಮಟ್ಟಿಗೆ ಇಪ್ಪತ್ತನೆಯ ಶತಮಾನದ ರಂಗಭೂಮಿಯ ಅತ್ಯಂತ ನಿಖರವಾದ ಬರವಣಿಗೆಗಳಲ್ಲಿ ಅದೂ ಒಂದು.

ಈಗ 1998ರ ‘ಕೋಪನ್‌ಹೇಗನ್’ ನಾಟಕಕ್ಕೆ ಬನ್ನಿ. 1941ರ ಸೆಪ್ಟೆಂಬರಿನಲ್ಲಿ ಜರ್ಮನ್ ವಿಜ್ಞಾನಿ ವೆರ್ನರ್ ಹೈಸೆನ್‌ಬರ್ಗ್, ಜರ್ಮನಿಯ ವಶದಲ್ಲಿದ್ದ ಡೆನ್ಮಾರ್ಕಿಗೆ ಹೋಗಿ ತನ್ನ ಗುರುಸಮಾನನಾದ ನೀಲ್ಸ್ ಬೋರ್‌ನನ್ನು ಕಂಡ. ಇಬ್ಬರೂ ಮಾತನಾಡಿದರು, ಆ ಮಾತಿನಿಂದಲೇ ಅವರ ಸ್ನೇಹ ಮುರಿಯಿತು. ಅಂದು ಅವರು ಆಡಿದ್ದೇನು ಎಂಬ ಬಗ್ಗೆ ಆಮೇಲೆ ಇಬ್ಬರ ನೆನಪುಗಳೂ ಹೊಂದಲಿಲ್ಲ. ಫ್ರೇನ್ ಆ ಇಬ್ಬರನ್ನೂ ಬೋರ್‌ನ ಹೆಂಡತಿ ಮಾರ್ಗ್ರೆಥೆಯನ್ನೂ ಸಾವಿನಾಚೆ ಒಂದೆಡೆ ಸೇರಿಸಿ ಆ ಭೇಟಿಯನ್ನು ಮತ್ತೆ ಮತ್ತೆ ಆಡಿಸುತ್ತಾರೆ. ವಿಜ್ಞಾನಿಗಳು ಪ್ರಬಂಧದ ಕರಡನ್ನು ತಿದ್ದುವಂತೆ ಇವರು ಒಂದು ಸಂಜೆಯ ಕರಡನ್ನು ತಿದ್ದುತ್ತಾ ಹೋಗುತ್ತಾರೆ. ಹಾಗೆ ತಿದ್ದುವಾಗಲೆಲ್ಲ ಬೋರ್‌ನ ಕಣ್ಣೆದುರೇ ನೀರುಪಾಲಾದ ಮಗನ ನೆನಪು ಬೋರ್ ದಂಪತಿಯನ್ನು ಬಂದು ಕಾಡುತ್ತದೆ.

ಅಲ್ಲಿಯೂ ಒಂದೇ ದೃಶ್ಯ, ಹಲವು ಸಲ; ಇಲ್ಲಿಯೂ ಒಂದೇ ದೃಶ್ಯ, ಹಲವು ಸಲ. ಪ್ರಹಸನದಲ್ಲಿ ಮನುಷ್ಯರು ತಾವೇ ಹಾಕಿಕೊಂಡ ಕ್ರಮವನ್ನು ಉಳಿಸಿಕೊಳ್ಳಲಾರದೆ ಒದ್ದಾಡಿದರೆ, ವಿಜ್ಞಾನಿಗಳ ನಾಟಕದಲ್ಲಿ ತಮ್ಮದೇ ಉದ್ದೇಶವನ್ನು ತಿಳಿಯಲಾರದೆ ಒದ್ದಾಡುತ್ತಾರೆ. ನನ್ನನ್ನು ಇಂದಿಗೂ ಬಿಡದ ಜಾಗವೆಂದರೆ ಕೊನೆಯ ಕರಡು. ಬಾಂಬಿಗೆ ಬೇಕಾದ ಯುರೇನಿಯಮ್ ಟನ್ನುಗಟ್ಟಲೆ ಎಂದು ನಂಬಿದ್ದ ಹೈಸೆನ್‌ಬರ್ಗ್ ಅದರ ಲೆಕ್ಕವನ್ನೇ ಮಾಡಿರಲಿಲ್ಲ ಎನ್ನುತ್ತದೆ ನಾಟಕ. ಆ ಸಂಜೆ ಬೋರ್ ಸಿಟ್ಟಿನಿಂದ ತಿರುಗಿ ನಡೆಯದೆ, ಒಳ್ಳೆಯ ಗುರುವಿನಂತೆ ‘ಲೆಕ್ಕ ಹಾಕಿ ನೋಡಿದೆಯಾ?’ ಎಂದು ಕೇಳಿಬಿಟ್ಟಿದ್ದರೆ? ಕೇಳದೆ ಉಳಿದ ಆ ಪ್ರಶ್ನೆಯೇ ಎಷ್ಟೋ ಜನರ ಪ್ರಾಣ ಉಳಿಸಿತೇನೋ ಎಂಬ ಭೀಕರ ಸಾಧ್ಯತೆ ಅಲ್ಲಿ ತೆರೆದುಕೊಳ್ಳುತ್ತದೆ.

ನಾಟಕವು ಹೈಸೆನ್‌ಬರ್ಗ್‌ನ ಬಗ್ಗೆ ಮೆದುವಾಗಿದೆ ಎಂದು ಕೆಲವು ಇತಿಹಾಸಕಾರರು ಆಕ್ಷೇಪಿಸಿದರು. ಬೋರ್ ಬರೆದೂ ಕಳಿಸದೆ ಇಟ್ಟಿದ್ದ ಪತ್ರಗಳ ಕರಡುಗಳು 2002ರಲ್ಲಿ ಬೆಳಕಿಗೆ ಬಂದಾಗ ಆ ಆಕ್ಷೇಪಕ್ಕೆ ಬಲ ಬಂದದ್ದೂ ನಿಜ. ಫ್ರೇನ್ ಆ ಕರಡುಗಳನ್ನು ಗಂಭೀರವಾಗಿ ತೆಗೆದುಕೊಂಡು ಅವುಗಳ ಬಗ್ಗೆ ಬರೆದರು. ನನಗನ್ನಿಸುವಂತೆ ಆಕ್ಷೇಪ ತೂಕದ್ದೇ. ಆದರೆ ನಾಟಕ ತೀರ್ಪು ಕೊಡಲು ಹೊರಟದ್ದಲ್ಲ, ಒಬ್ಬ ಮನುಷ್ಯ ತಾನು ಮಾಡಿದ್ದೇಕೆ ಎಂಬುದು ಅವನಿಗಾದರೂ ಪೂರ್ತಿ ತಿಳಿದಿರುತ್ತದೆಯೇ ಎಂದು ಕೇಳಲು ಹೊರಟದ್ದು.

ಈ ಎಳೆಯನ್ನು ಹಿಡಿದರೆ ಕಾದಂಬರಿಗಳೂ ಪರಕೀಯವೆನಿಸುವುದಿಲ್ಲ. ‘ಹೆಡ್‌ಲಾಂಗ್’ ಕಾದಂಬರಿಯ ನಾಯಕ ನೆರೆಯವರ ಮನೆಯಲ್ಲಿ ಕಂಡ ಹಳೆಯ ಚಿತ್ರವೊಂದು ಚಿತ್ರಕಾರ ಬ್ರೂಗೆಲ್ ವರ್ಷದ ತಿಂಗಳುಗಳನ್ನು ಕುರಿತು 1565ರಲ್ಲಿ ಬರೆದ ಚಿತ್ರಮಾಲೆಯ ಕಳೆದುಹೋದ ಚಿತ್ರವೇ ಎಂದು ನಂಬಿ, ನಂಬಿಕೆಗೆ ತಕ್ಕಂತೆ ಪುರಾವೆಗಳನ್ನು ಜೋಡಿಸುತ್ತಾ ಹೋಗುತ್ತಾನೆ. ಅದರಲ್ಲಿನ ಕಲಾಚರಿತ್ರೆಯ ಉದ್ದುದ್ದ ಪುಟಗಳು ಹಲವರಿಗೆ ದಣಿವು ತರುತ್ತವೆ, ನನಗೆ ಅವೇ ಇಷ್ಟ. 2012ರ ‘ಸ್ಕಿಯೋಸ್’ ಮಾತ್ರ ನನ್ನನ್ನು ತಟ್ಟಲಿಲ್ಲ. ಪ್ರಹಸನಕ್ಕೆ ನಿಜವಾದ ದೇಹಗಳೂ ನಿಜವಾದ ಬಾಗಿಲುಗಳೂ ಬೇಕು, ಗದ್ಯದಲ್ಲಿ ಅದರ ವೇಗ ಸೋರಿಹೋಗುತ್ತದೆ.

ಹಾಗಾದರೆ ಯಾವುದರಿಂದ ಆರಂಭಿಸಲಿ ಎಂದು ಅದೇ ಗೆಳೆಯರು ಆಮೇಲೆ ಕೇಳುತ್ತಾರೆ. 2002ರ ‘ಸ್ಪೈಸ್’ ಕಾದಂಬರಿಯಿಂದ ಎನ್ನುತ್ತೇನೆ. ಯುದ್ಧಕಾಲದ ಇಂಗ್ಲೆಂಡಿನ ಒಂದು ಬೀದಿಯಲ್ಲಿ ಕೀತ್ ಎಂಬ ಹುಡುಗ ತನ್ನ ತಾಯಿ ಜರ್ಮನ್ ಗೂಢಚಾರಿಣಿ ಎಂದು ಗೆಳೆಯ ಸ್ಟೀಫನ್‌ಗೆ ಹೇಳುತ್ತಾನೆ. ಇಬ್ಬರೂ ಬೇಲಿಯ ಪೊದೆಯೊಳಗೆ ಅಡಗಿ ಆಕೆಯ ಮೇಲೆ ಕಣ್ಣಿಡುತ್ತಾರೆ. ಆಕೆಯ ದಿನಚರಿಯಲ್ಲಿ ತಿಂಗಳಿಗೊಮ್ಮೆ ಕಾಣುವ ಗುರುತು ಅವರಿಗೆ ಶತ್ರುವಿನೊಡನೆ ನಡೆಯುವ ರಹಸ್ಯ ಭೇಟಿಯ ಸಂಕೇತ. ಅದು ಏನೆಂದು ಓದುಗರಿಗೆ ಒಡನೆಯೇ ಹೊಳೆಯುತ್ತದೆ, ಹುಡುಗರಿಗೆ ಹೊಳೆಯುವುದಿಲ್ಲ. ನಗು ಬರುವ ಆ ಪುಟದಿಂದಲೇ ದುಃಖವೂ ಶುರುವಾಗುತ್ತದೆ.

ಅದನ್ನು ಮುಗಿಸಿದ ಮೇಲೆ ‘ಕೋಪನ್‌ಹೇಗನ್’ ಪ್ರತಿಯೊಂದನ್ನು ಹಿಡಿದು ಮೂವರು ಕುಳಿತು ಗಟ್ಟಿಯಾಗಿ ಓದಿ. ಭೌತವಿಜ್ಞಾನ ಅರ್ಥವಾಗದಿದ್ದರೆ ಅಂಜಬೇಕಾಗಿಲ್ಲ, ಎಲ್ಲರಿಗೂ ತಿಳಿಯುವ ಮಾತಿನಲ್ಲಿ ಹೇಳಿ ಎಂದು ಗಂಡಸರಿಬ್ಬರನ್ನೂ ಹಿಡಿದು ನಿಲ್ಲಿಸಲು ಮಾರ್ಗ್ರೆಥೆ ಇದ್ದಾಳೆ. ನಿಮ್ಮಲ್ಲಿ ಚೆನ್ನಾಗಿ ಓದುವವರು ಯಾರೋ ಅವರಿಗೆ ಅವಳ ಪಾತ್ರವನ್ನೇ ಕೊಡಿ.