ಮಗು ಬಿದ್ದ ಜಾಗವನ್ನೂ ಬರೆದಿಡಿ

ಮಕ್ಕಳ ತುರ್ತು ಚಿಕಿತ್ಸಾ ವಿಭಾಗದಲ್ಲಿ ನಾನು ದಾದಿ. ಬಿದ್ದು ಪೆಟ್ಟಾದ ಮಗುವನ್ನು ಎತ್ತಿಕೊಂಡು ಓಡಿಬಂದ ತಾಯಿಗೆ ಯಾರಾದರೂ "ನೀವು ಆಗ ಎಲ್ಲಿದ್ದಿರಿ?" ಎಂದರೆ ನನಗೆ ಸಂಕಟವಾಗುತ್ತದೆ. ಹೊಸದಾಗಿ ಸೇರಿದವರಿಗೆ ನಾನು ಹೇಳುವುದು ಇಷ್ಟೇ: ಎಲ್ಲಿಂದ ಬಿತ್ತು, ಎಷ್ಟು ಎತ್ತರ, ಕೆಳಗೆ ಏನಿತ್ತು ಎಂದು ಕೇಳಿ, ಕೇಳಿದ್ದನ್ನು ಕೇಸ್ ಶೀಟಿನಲ್ಲಿ ಬರೆಯಿರಿ. ಹೇಳಿದ ಎತ್ತರಕ್ಕೂ ಆದ ಗಾಯಕ್ಕೂ ತಾಳೆಯಾಗದಿದ್ದರೆ, ಮಗುವಿಗೆ ಯಾರಾದರೂ ಹೊಡೆದಿರಬಹುದೇ ಎಂದು ಬೇರೆಯಾಗಿಯೇ ವಿಚಾರಿಸಬೇಕು, ಅಂಥವು ಕಡಿಮೆ.

ಬಡವರ ಬೀದಿಗಳಿಂದ ಬರುವ ಉತ್ತರಗಳು ಒಂದನ್ನೊಂದು ಹೋಲುತ್ತವೆ. ಸರಳಿಲ್ಲದ ಕಿಟಕಿ, ಅದಕ್ಕೆ ತಾಗಿಯೇ ಮಂಚ. ಒಂದೇ ಕೋಣೆಯ ಮನೆಯಲ್ಲಿ ಮಂಚವನ್ನು ಇನ್ನೆಲ್ಲಿ ಹಾಕುವುದು? ಹಿಡಿದುಕೊಳ್ಳಲು ಏನೂ ಇಲ್ಲದ, ದೀಪವೂ ಇಲ್ಲದ ಮೆಟ್ಟಿಲು. ಆಡಲು ಬಯಲಿಲ್ಲದೆ ಮಕ್ಕಳು ಹತ್ತುವ, ಅಡ್ಡಗೋಡೆಯಿಲ್ಲದ ತಾರಸಿ. ಎಳೆಯ ಮಕ್ಕಳಿಗೆ ಮೈಯ ಅಳತೆಗೆ ತಲೆಯ ಭಾರ ಹೆಚ್ಚು; ಕಿಟಕಿಯಿಂದ ಬಗ್ಗಿದರೆ ಹಿಂದಕ್ಕೆ ಬರುವುದು ಕಷ್ಟ. ಸೊಳ್ಳೆ ಬಾರದಂತೆ ಹಾಕಿದ ಜಾಲರಿ ಮಗುವಿನ ಭಾರವನ್ನು ತಡೆಯುವುದಿಲ್ಲ. ಸರಳು ಹಾಕಿಸೋಣವೆಂದರೆ ಮನೆ ಬಾಡಿಗೆಯದು, ಗೋಡೆಗೆ ಮೊಳೆ ಹೊಡೆಯಲೂ ಮಾಲೀಕರ ಅಪ್ಪಣೆ ಬೇಕು. ಇಡೀ ದಿನ ದುಡಿದು ಬಂದವಳು ಕಣ್ಣು ಮಿಟುಕಿಸದೆ ಕಾಯಬೇಕು ಎನ್ನುವುದು ಯಾವ ನ್ಯಾಯ? ಅನುಕೂಲಸ್ಥರ ಮಕ್ಕಳೂ ಅಷ್ಟೇ ತುಂಟರು, ಅವರ ತಾಯಂದಿರೂ ಅರೆಗಳಿಗೆ ಆಚೆ ನೋಡುತ್ತಾರೆ. ಆ ಅರೆಗಳಿಗೆಯಲ್ಲಿ ಅವರ ಮಗುವನ್ನು ಮನೆಯೇ ಕಾಯುತ್ತದೆ.

ಬರೆದಿಟ್ಟರೆ ಏನು ಬಂತು ಎನ್ನುವವರಿಗೆ ನಾನು ನ್ಯೂಯಾರ್ಕ್ ನಗರದ ಕಥೆ ಹೇಳುತ್ತೇನೆ. 1970ರ ದಶಕದ ಆರಂಭದಲ್ಲಿ ಅಲ್ಲಿನ ಆರೋಗ್ಯ ಇಲಾಖೆ, ಕಿಟಕಿಯಿಂದ ಬಿದ್ದ ಮಕ್ಕಳ ವಿವರವನ್ನು ಆಸ್ಪತ್ರೆ ಮತ್ತು ಪೊಲೀಸರಿಂದ ತರಿಸಿಕೊಂಡಿತು. ದಾದಿಯರು ಆ ಮನೆಗಳಿಗೆ ಹೋದರು. ಅಪಾಯ ಹೆಚ್ಚಿದ್ದ ಬಡಾವಣೆಗಳಲ್ಲಿ ಎಳೆಯ ಮಕ್ಕಳಿದ್ದ ಕುಟುಂಬಗಳಿಗೆ ಕಿಟಕಿಯ ಸರಳುಗಳನ್ನು ಉಚಿತವಾಗಿ ಹಂಚಿದರು. ಬೀಳುವ ಮಕ್ಕಳ ಸಂಖ್ಯೆ ಇಳಿಯಿತು. 1976ರಲ್ಲಿ ನಿಯಮವೇ ಬಂತು: 10 ವರ್ಷ ಅಥವಾ ಅದಕ್ಕಿಂತ ಕಿರಿಯ ಮಕ್ಕಳಿರುವ ಅಪಾರ್ಟ್‌ಮೆಂಟಿನ ಕಿಟಕಿಗಳಿಗೆ ಸರಳು ಹಾಕಿಸುವುದು ಕಟ್ಟಡದ ಮಾಲೀಕರ ಹೊಣೆ. ತಾಯಂದಿರಿಗೆ ಬುದ್ಧಿ ಹೇಳಿ ನಿಲ್ಲಿಸಿದ್ದರೆ ಇದಾಗುತ್ತಿರಲಿಲ್ಲ.

ಈಗ ಮನೆಗೆ ಕಳುಹಿಸುವಾಗ ಕೊಡುವ ಚೀಟಿಯಲ್ಲಿ ಔಷಧದ ಕೆಳಗೆ "ಮನೆಯ ಕಿಟಕಿಗೆ ಸರಳು ಅಗತ್ಯ" ಎಂದು ವೈದ್ಯರಿಂದ ಬರೆಸುತ್ತೇನೆ. ಬಾಯಿಮಾತಿಗಿಂತ ಸಹಿಯಿರುವ ಕಾಗದವನ್ನು ಮಾಲೀಕರ ಮುಂದೆ ಹಿಡಿಯುವುದು ಸುಲಭ. ಸರಳುಗಳ ನಡುವಿನ ಸಂದು 10 ಸೆಂಟಿಮೀಟರ್ ಮೀರಬಾರದು ಎಂದೂ ಬರೆಸುತ್ತೇನೆ. ಬೆಂಕಿ ಬಿದ್ದಾಗ ಹೊರಬರಲು ಅದೊಂದೇ ಕಿಟಕಿ ಇದ್ದರೆ, ದೊಡ್ಡವರು ಒಳಗಿನಿಂದ ತೆರೆಯಬಹುದಾದ ಸರಳನ್ನೇ ಹಾಕಿಸಬೇಕು.